ಅಲ್ಪವಿತ್ತದ ಯಾತ್ರೆ

ಸ್ವಿಟ್ಜರ್ಲೆಂಡಿಗೆ ಹೋಗಿಬಂದವರು ಅಲ್ಲಿಯ ಹಿಮಗಿರಿಗಳ ಮಾತಿಗೆ ಮೊದಲು ಅಲ್ಲಿಯ ಬೆಲೆಗಳ ಮಾತನ್ನು ಎತ್ತುವುದು ವಾಡಿಕೆ. ಒಂದು ಬಟ್ಟಲು ಕಾಫಿಯ ಬೆಲೆಯನ್ನು ಫ್ರಾಂಕಿನಿಂದ ರೂಪಾಯಿಗೆ ತಿರುಗಿಸಿ ನೋಡಿದವನ ನಾಲಗೆಯಲ್ಲಿ ಕಾಫಿಯ ರುಚಿ ನಿಲ್ಲುವುದೆಂತು? ನಿವೃತ್ತಿವೇತನದಲ್ಲಿ ಉಳಿಸಿದ ಹಣದಿಂದ ಅಲ್ಲಿಗೆ ತೆರಳಿದ್ದ ಕನ್ನಡನಾಡಿನ ವೃದ್ಧ ದಂಪತಿಗಳು ಮೊದಲ ಮೂರು ದಿನಗಳನ್ನು ಈ ಗುಣಾಕಾರದಲ್ಲಿಯೇ ಕಳೆದರು. ಜ್ಯೂರಿಚ್ ಸರೋವರದ ದಡದಲ್ಲಿ ನಡೆಯುವಾಗಲೂ ಯಜಮಾನರ ಕೈ ಜೇಬಿನಲ್ಲಿದ್ದ ಲೆಕ್ಕದ ಪುಸ್ತಕದ ಮೇಲೆ. ಆಕೆಯ ಕಣ್ಣು ಯಜಮಾನರ ಮುಖದ ಮೇಲೆ. ಬಾಯಾರಿತೆಂದು ಹೇಳುವುದಕ್ಕೂ ಆಕೆ ಸಂಕೋಚಪಟ್ಟರು.

ಆ ಸಂಕೋಚವನ್ನು ಕಳೆದುದು ಬೀದಿಯ ಕಾರಂಜಿ. ಜ್ಯೂರಿಚ್ ನಗರವೊಂದರಲ್ಲಿಯೇ ಅಂತಹವು 1200ಕ್ಕೂ ಹೆಚ್ಚಿವೆ. ಕುಡಿಯಬಾರದೆಂಬ ಫಲಕವಿಲ್ಲದ ಕಡೆ ನೀರನ್ನು ನಿಶ್ಶಂಕೆಯಾಗಿ ಕುಡಿಯಬಹುದು. ಅಚ್ಚುಕಟ್ಟಾದ ಉಡುಪಿನ ಉದ್ಯೋಗಸ್ಥನೊಬ್ಬನು ಶಾಲೆಯ ಮಕ್ಕಳ ಹಿಂದೆ ನಿಂತು ತನ್ನ ಬಾಟಲಿಯನ್ನು ತುಂಬಿಕೊಂಡುದನ್ನು ಕಂಡು ಆಕೆ, “ಇದು ಇವರ ಅರವಟ್ಟಿಗೆ” ಎಂದರು.

ಅಂದಿನಿಂದ ಅವರು ಆ ಜನರನ್ನೇ ಗಮನಿಸತೊಡಗಿದರು. ಅಲ್ಲಿಯವರು ತಾವೇ ಮಿತವ್ಯಯಿಗಳು. ರೈಲಿನಲ್ಲಿ ಅರ್ಧದರದ ಚೀಟಿಯನ್ನು ಇಟ್ಟುಕೊಂಡವರೇ ಬಹಳ. ಪ್ರವಾಸಿಗರಿಗೂ ಒಂದು ತಿಂಗಳ ಅಂತಹ ಚೀಟಿ ದೊರೆಯುತ್ತದೆ. ದಿನವಿಡೀ ಸಂಚರಿಸುವ ರಹದಾರಿಯನ್ನು ಮುಂಚಿತವಾಗಿ ಕೊಂಡಷ್ಟೂ ಅಗ್ಗ. ಬರ್ನ್, ಬಾಸೆಲ್ ನಗರಗಳಲ್ಲಿ ಹೋಟೆಲುಗಳಲ್ಲಿ ತಂಗಿದವರಿಗೆ ಊರಿನ ಟ್ರಾಮು ಬಸ್ಸುಗಳ ಚೀಟಿ ಉಚಿತ. ರೊಟ್ಟಿ, ಗಿಣ್ಣು, ಹಣ್ಣುಗಳನ್ನು ಮಿಗ್ರೋಸ್ ಅಂಗಡಿಯಲ್ಲಿ ಕೊಳ್ಳಬಹುದು. 1925ರಲ್ಲಿ ಐದು ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಬೀದಿಬೀದಿಗೆ ಅಗ್ಗವಾಗಿ ಮಾರಹೊರಟ ಸಂಸ್ಥೆ ಅದು. ರೈಲಿನಲ್ಲಿ ಬುತ್ತಿ ಬಿಚ್ಚಿದರೆ ನಗುವವರಿಲ್ಲ. ಎದುರು ಕುಳಿತವನೂ ತನ್ನ ಬುತ್ತಿಯನ್ನು ಬಿಚ್ಚಿರುತ್ತಾನೆ. ಯುವಜನರ ವಸತಿಗೃಹವೆಂಬ ಹೆಸರಿಗೆ ಹೆದರಿ ಇವರು ಬಾಗಿಲಲ್ಲಿ ಹಿಂಜರಿದರಂತೆ. ಅಲ್ಲಿ ವಯಸ್ಸಿನ ಮಿತಿಯಿಲ್ಲವೆಂದು ತಿಳಿದ ಮೇಲೆ ಯಜಮಾನರು ನಗುತ್ತ ಬೆನ್ನು ನೆಟ್ಟಗೆ ಮಾಡಿಕೊಂಡು ಒಳಹೊಕ್ಕರು.

ನಿಜವಾದ ಕಷ್ಟ ಬಂದುದು ಬರ್ನ್‌ನಿಂದ ದಕ್ಷಿಣಕ್ಕೆ ಸಾಗಿ ಲೌಟರ್‌ಬ್ರುನ್ನೆನ್ ಕಣಿವೆಯನ್ನು ಸೇರಿದಾಗ. ಐಗರ್ ಮತ್ತು ಮೋಂಖ್ ಪರ್ವತಗಳ ಒಡಲನ್ನು ಕೊರೆದು 1912ರಲ್ಲಿ ತೆರೆದ ರೈಲುಮಾರ್ಗವು 3454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್‌ಗೆ ಯಾತ್ರಿಕರನ್ನು ಒಯ್ಯುತ್ತದೆ. ಆಲ್ಪ್ಸ್ ಪರ್ವತಗಳಲ್ಲೆಲ್ಲ ಅತಿ ದೀರ್ಘವಾದ ಅಲೆಚ್ ಹಿಮನದಿ ಅಲ್ಲಿಂದ ಕಾಣುತ್ತದೆ. ಆದರೆ ಅರ್ಧದರದ ಚೀಟಿಯಿದ್ದರೂ ಬೇಸಗೆಯಲ್ಲಿ ಇಬ್ಬರು ಹೋಗಿಬರಲು ಇನ್ನೂರು ಫ್ರಾಂಕಿಗೆ ಕಡಮೆಯಿಲ್ಲ. ಹಿಮವನ್ನು ಕೈಯಿಂದ ಮುಟ್ಟಬೇಕೆಂಬುದು ಆಕೆಯ ಬಹುಕಾಲದ ಆಸೆ. ಯಜಮಾನರು ಅದಕ್ಕಾಗಿ ಲೆಕ್ಕದ ಪುಸ್ತಕದಲ್ಲಿ ಬರೆಯದೆಯೇ ಒಂದಿಷ್ಟು ಹಣವನ್ನು ಬೇರೆ ತೆಗೆದಿರಿಸಿದ್ದರು.

“ಆ ಹಣದಲ್ಲಿ ಇನ್ನೆರಡು ದಿನ ಈ ಕಣಿವೆಯಲ್ಲಿಯೇ ಇರಬಹುದಲ್ಲವೆ?” ಎಂದು ಆಕೆ ಕೇಳಿದರು.

“ಇಷ್ಟು ದೂರ ಬಂದು ಮೇಲಕ್ಕೆ ಹೋಗಲಿಲ್ಲವೆಂದರೆ ಊರಿನಲ್ಲಿ ಏನೆಂದಾರು?”

“ಊರಿನವರಿಗೆ ನೀವು ಏನು ಬೇಕಾದರೂ ಹೇಳಿ. ನನಗೆ ಓಡಿ ಓಡಿ ಸಾಕಾಗಿದೆ.”

ಎರಡು ದಿನ ಉಳಿದರು. ಸ್ಟೆಖೆಲ್‌ಬರ್ಗ್‌ವರೆಗಿನ ದಾರಿ ಹೆಚ್ಚಾಗಿ ಸಮತಟ್ಟು, ವಯಸ್ಸಾದ ಕಾಲಿಗೂ ಸುಗಮ. ಆ ದೇಶದ ಕಾಲುದಾರಿಗಳ ಜಾಲ ಸುಮಾರು 65,000 ಕಿಲೋಮೀಟರ್. 1979ರಲ್ಲಿ ಜನರು ಮತವಿತ್ತು ಅವುಗಳ ಪೋಷಣೆಯನ್ನು ಸಂವಿಧಾನಕ್ಕೇ ಸೇರಿಸಿದರು. ಹಳದಿಯ ಕೈಮರಗಳು ದೂರವನ್ನು ಹೇಳದೆ ನಡೆಯಲು ಹಿಡಿಯುವ ಹೊತ್ತನ್ನು ಹೇಳುತ್ತವೆ. ಇವರಿಬ್ಬರಿಗೆ ಅದರ ಇಮ್ಮಡಿ ಹಿಡಿಯಿತು. ಸುಮಾರು 300 ಮೀಟರ್ ಎತ್ತರದಿಂದ ಉದುರುವ ಸ್ಟೌಬ್ಬಾಖ್ ಜಲಪಾತದ ಕೆಳಗೆ ಬಹಳ ಹೊತ್ತು ಕುಳಿತರು. ಅದರ ನೀರು ನೆಲವನ್ನು ಮುಟ್ಟುವ ಮೊದಲೇ ಗಾಳಿಯಲ್ಲಿ ಧೂಳಾಗಿ ಚೆದರುತ್ತದೆ. 1779ರಲ್ಲಿ ಗಯಟೆ ಮಹಾಕವಿಗೆ ಒಂದು ಕವಿತೆಯನ್ನು ದೊರಕಿಸಿಕೊಟ್ಟ ಜಲಪಾತವಿದು. ನೋಡಲು ಅವನೂ ಕಾಸು ಕೊಟ್ಟಿರಲಾರ.

ಮೇಲೆ ಹೋದವರು ಕಂಡುದನ್ನು ಇವರು ಕಾಣಲಿಲ್ಲ. ಅದನ್ನು ಮುಚ್ಚಿಡುವುದು ಸಲ್ಲದು. ಸಂಜೆ ಯುಂಗ್‌ಫ್ರೌ ಶಿಖರದ ಹಿಮ ಕೆಂಪೇರಿದಾಗ ಯಜಮಾನರು ಮಾತಿಲ್ಲದೆ ಅತ್ತಲೇ ನೋಡುತ್ತಿದ್ದರು.

ಹಿಂದಿರುಗುವ ದಾರಿಯಲ್ಲಿ ಒಂದು ರೈತನ ಮನೆಯ ಮುಂದೆ, ಕಾಯುವವರಿಲ್ಲದ ಹಲಗೆಯ ಮೇಲೆ ಗಿಣ್ಣಿನ ತುಂಡುಗಳು, ಬೆಲೆಯ ಚೀಟಿ, ಪಕ್ಕದಲ್ಲಿ ಹಣ ಹಾಕುವ ಡಬ್ಬಿ. ಯಜಮಾನರು ನಾಣ್ಯಗಳನ್ನು ಒಂದೊಂದಾಗಿ ಎಣಿಸಿ ಹಾಕಿದರು. ತೆಗೆದಿರಿಸಿದ್ದ ಹಣದಲ್ಲಿ ಅದೇ ಮೊದಲ ವೆಚ್ಚ. ಆಕೆ ಗಿಣ್ಣನ್ನು ಸೆರಗಿನಲ್ಲಿ ಸುತ್ತಿ ಹಿಡಿದು, ನಾಳೆಯ ಬುತ್ತಿಗೆ ಆಯಿತೆಂದರು.