ಬಿಸಿಲಿಲ್ಲದ ಊರಿನ ದ್ರಾಕ್ಷಿ

ನಮ್ಮದು ತಿಕೋಟಾ ಕಡೆಯ ದ್ರಾಕ್ಷಿ ತೋಟದ ಮನೆ. ಹೋದ ಅಕ್ಟೋಬರ್‌ನಲ್ಲಿ ಅಕ್ಕನ ಬಾಣಂತನಕ್ಕೆ ಅವ್ವನನ್ನು ಕರೆದುಕೊಂಡು ಇಂಗ್ಲೆಂಡಿನ ಎಸೆಕ್ಸ್‌ಗೆ ಹೋಗಿದ್ದೆ. ಚಾಟ್ನಿ ಕೆಲಸವಿದ್ದದ್ದರಿಂದ ಅಪ್ಪ ಬರಲಿಲ್ಲ.

ಒಂದು ಭಾನುವಾರ ಮಾವ, "ಇಲ್ಲೂ ದ್ರಾಕ್ಷಿ ಬೆಳೀತಾರ, ಬಾ ತೋರಸ್ತೀನಿ" ಅಂದರು. ನನಗೆ ನಗು ಬಂತು. ಬಿಸಿಲೇ ಇಲ್ಲದ ಊರಲ್ಲಿ ಎಂಥ ದ್ರಾಕ್ಷಿ?

ಕ್ರೌಚ್ ನದಿ ಕಣಿವೆಯ ಸಣ್ಣ ತೋಟ ಅದು. ಗಂಡ ಹೆಂಡತಿಯೇ ನೋಡಿಕೊಳ್ಳುತ್ತಾರೆ. ಕೊಯ್ಲು ನಡೆದಿತ್ತು. ಇಂಗ್ಲೆಂಡ್ ಹೆಸರು ಮಾಡಿರುವುದು ಗುಳ್ಳೆ ಏಳುವ ವೈನಿಗೆ. ಅದಕ್ಕೆ ಹುಳಿ ದ್ರಾಕ್ಷಿಯೇ ಬೇಕು. ಗುಳ್ಳೆಯಿಲ್ಲದ ಸ್ಟಿಲ್ ವೈನಿಗೆ ಹಣ್ಣು ಚೆನ್ನಾಗಿ ಮಾಗಬೇಕು, ಚಳಿ ನಾಡಲ್ಲಿ ಅದೇ ಕಷ್ಟ. ಎಸೆಕ್ಸ್‌ನಲ್ಲಿ ಮಳೆ ಕಡಿಮೆ, ಹಾಗಾಗಿ ಅಲ್ಲಿ ಮಾಗುತ್ತದೆ.

ಬ್ಯಾಕಸ್ ಎಂಬ ತಳಿಯ ಬಿಳಿ ವೈನ್ ಕೊಟ್ಟರು. ಬೈಯಬೇಡಿ, ಎರಡು ಗುಟುಕು ಕುಡಿದೆ. ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ, ನಿಂಬೆಯಂಥ ಹುಳಿ. ನಿಜಕ್ಕೂ ಚೆನ್ನಾಗಿತ್ತು. ನಕ್ಕಿದ್ದಕ್ಕೆ ನಾಚಿಕೆಯಾಯಿತು.

ವಸಂತದಲ್ಲಿ ಚಿಗುರೊಡೆದಾಗ ಹಿಮ ಬಿದ್ದರೆ ಬೆಳೆ ಹೋಯಿತು. ಅಂಥ ರಾತ್ರಿ ಸಾಲುಗಳ ನಡುವೆ ದೊಡ್ಡ ದೊಡ್ಡ ಮೇಣದ ಬತ್ತಿ ಹಚ್ಚಿಟ್ಟು ಕಾಯುತ್ತಾರಂತೆ. ಆಲಿಕಲ್ಲು ಮಳೆಯ ಮೋಡ ಕಂಡಾಗ ಅಂಗಳದಲ್ಲೇ ಕೂತು ಬೆಳಗು ಮಾಡುವ ಅಪ್ಪ ನೆನಪಾದ.

ಇನ್ನೊಂದು ಮಾತು ತಿಳಿಯಿತು. ಅಲ್ಲಿ "ಬ್ರಿಟಿಷ್ ವೈನ್" ಅಂದರೆ ಹೊರದೇಶದಿಂದ ತಂದ ದ್ರಾಕ್ಷಿ ರಸದ್ದು. "ಇಂಗ್ಲಿಷ್ ವೈನ್" ಅಂತ ಬರೆಯಬೇಕಾದರೆ ಹಣ್ಣು ಇಂಗ್ಲೆಂಡಿನ ಮಣ್ಣಲ್ಲೇ ಬೆಳೆದಿರಬೇಕು. ಬಾಟಲಿ ಮೇಲೆ ಆ ತೋಟದ ಹೆಸರೇ ಇತ್ತು. ಬೆಲೆ 18 ಪೌಂಡ್, ಹತ್ತಿರ ಹತ್ತಿರ 2,000 ರೂಪಾಯಿ. ಒಂದು ಬಾಟಲಿಗೆ ಬೇಕಾಗುವುದು ಒಂದು ಕೆ.ಜಿ.ಗಿಂತ ತುಸು ಹೆಚ್ಚು ಹಣ್ಣು. ನಾವು ನಾಲ್ಕು ಕೆ.ಜಿ. ಹಣ್ಣು ಒಣಗಿಸಿದರೆ ಒಂದು ಕೆ.ಜಿ. ಒಣದ್ರಾಕ್ಷಿ. ಅದನ್ನು ಹೆಸರಿಲ್ಲದ ಡಬ್ಬಿಯಲ್ಲಿ ಪೇಟೆಗೆ ಕಳಿಸುತ್ತೇವೆ.

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ. ರುಚಿ ಹೇಗಿತ್ತು ಅಂತ ಅಪ್ಪ ಕೇಳಲಿಲ್ಲ.

"ಅವರ ಮಾಲಿಗೆ ರೇಟ್ ಯಾರು ಕಟ್ಟತಾರ?"

"ಅವರೇ ಕಟ್ಟತಾರ ಅಪ್ಪಾ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಬಾಟಲಿ ಮ್ಯಾಲಿನ ಚೀಟಿ ಫೋಟೋ ಹೊಡದು ಕಳಸು" ಅಂದ.

ಕಳಿಸಿದೆ. ಈ ಸಲದ ಡಬ್ಬಿಗಳ ಮೇಲೆ ನಮ್ಮೂರ ಹೆಸರು ಹಾಕಿಸಲು ಏನು ಖರ್ಚು ಬರುತ್ತದೆಂದು ಈಗ ವಿಚಾರಿಸುತ್ತಿದ್ದೇನೆ.