ಯಾರತ್ರೂ ಹೇಳ್ಬೇಡ ಅಂದದ್ದು ನಾನೇ

ತಂಗಿಯ ಮಗನಿಗೆ ಟಿಬಿ ಎಂದು ಗೊತ್ತಾದ ದಿನ ನನ್ನ ಬಾಯಿಂದ ಬಂದ ಮೊದಲ ಮಾತು, "ಯಾರತ್ರೂ ಹೇಳ್ಬೇಡ." ಅವನು ಗುಳಿಗೆ ಬಿಡಲು ಆ ಮಾತೇ ಕಾರಣವಾಯಿತು.

ಕುಂದಾಪುರದ ಕಡೆಯ ಹುಡುಗ. ಮುಂಬೈಯ ಬೈಕುಲ್ಲಾದ ಹೋಟೆಲಿನ ಅಡುಗೆಮನೆಗೆ ಸೇರಿಸಿದವನು ನಾನು. ನನ್ನದು ಗಲ್ಲೆಯ ಕೆಲಸ. ಸರಕಾರಿ ಔಷಧಿ ಉಚಿತ. 2018ರ ಏಪ್ರಿಲ್‌ನಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೂಡ ಕೊಡುತ್ತಿದ್ದರು. ಮೊದಲ 2 ತಿಂಗಳು ನಾಲ್ಕು ಬಗೆಯ ಔಷಧಿ, ಮುಂದಿನ 4 ತಿಂಗಳು ಮೂರು. ತಿಂದದ್ದಕ್ಕೆ ಗುರುತಾಗಿ, ಗುಳಿಗೆ ಬಿಡಿಸಿದಾಗ ಪಟ್ಟಿಯೊಳಗೆ ಕಾಣುವ ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕಿತ್ತು. ರಾತ್ರಿ ಲೆಕ್ಕ ಮುಗಿಸುತ್ತ "ತಕಂಡ್ಯಾ?" ಎನ್ನುತ್ತಿದ್ದೆ. "ಹ್ಞಾಂ ಮಾವ." ಕಾಲ್ ಹೋಗಿರುತ್ತಿತ್ತು. ತಲೆಯೆತ್ತಿ ಅವನ ಮುಖ ನೋಡಿದವನಲ್ಲ.

ಜ್ವರ ಮರಳಿದಾಗ ಅವನ ಟ್ರಂಕಿನ ತಳದಲ್ಲಿ ಗುಳಿಗೆಗಳು ಸಿಕ್ಕವು. ರಿಫಾಂಪಿಸಿನ್ ತಿಂದರೆ ಮೂತ್ರ ಕಿತ್ತಳೆಗೆಂಪಾಗುತ್ತದೆ, ಅದರಿಂದ ಅಪಾಯವಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೆ ನಾವು ಹೋಟೆಲಿನವರೆಲ್ಲ ಒಟ್ಟಿಗಿದ್ದ ಖೋಲಿಗೆ ಇದ್ದದ್ದು ಒಂದೇ ಕಕ್ಕಸು. ಯಾರೋ ಬಣ್ಣ ನೋಡಿ ಏನಿದು ಎಂದು ಕೇಳಿದ್ದಾರೆ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಊರಿಗೆ ಸುದ್ದಿ ಹೋಗುತ್ತದೆ, ಮಾವನ ಮಾತು ಮೀರಿದಂತಾಗುತ್ತದೆ. ಅಷ್ಟರಲ್ಲಿ ಕೆಮ್ಮೂ ನಿಂತಿತ್ತು, ಮೈ ತುಂಬಿಕೊಂಡಿತ್ತು. ಅಳಿದುಳಿದ ರೋಗಾಣುಗಳಿಗಾಗಿಯೇ ಉಳಿದ ನಾಲ್ಕು ತಿಂಗಳು ಎಂದು ಅವನ ಪಕ್ಕ ಕೂತು ಬಿಡಿಸಿ ಹೇಳಬೇಕಾದವನು ನಾನು. ನನಗೆ ಮರ್ಯಾದೆಯ ಚಿಂತೆ.

ಆರೋಗ್ಯಧಾಮ ಸೇರದೆ ಮನೆಯಲ್ಲೇ ಔಷಧಿ ತಿಂದರೂ ಕ್ಷಯ ಗುಣವಾಗುತ್ತದೆಂದು 1959ರಲ್ಲೇ ಮದ್ರಾಸಿನ ಅಧ್ಯಯನ ತೋರಿಸಿತ್ತು. ನಮ್ಮ ಖೋಲಿ ಅವನಿಗೆ ಮನೆಯಾಗಲು ನಾನು ಬಿಡಲಿಲ್ಲ.

ಎರಡನೆಯ ಸಲದ ಕಫ ಪರೀಕ್ಷೆಯಲ್ಲಿ ರೋಗಾಣು ರಿಫಾಂಪಿಸಿನ್‌ಗೆ ಬಗ್ಗುವುದಿಲ್ಲ ಎಂದು ಬಂತು. ಬೇರೆ ಔಷಧಿ, ಹೆಚ್ಚು ಕಾಲ, ಹೆಚ್ಚು ಸಂಕಟ. ಅಂದು ರಾತ್ರಿ ಖೋಲಿಯವರನ್ನೆಲ್ಲ ಕೂರಿಸಿ ನಾನೇ ಹೇಳಿದೆ. ಅಡುಗೆ ಭಟ್ಟರು, "ಮೊದ್ಲೇ ಹೇಳೂಕಾಗ್ಲಿಲ್ಯಾ?" ಎಂದರು. ಮರುದಿನದಿಂದ ಗುಳಿಗೆಯ ಹೊತ್ತಿಗೆ ಸರಿಯಾಗಿ ಅವನಿಗೆ ಗಂಜಿ ಇಡತೊಡಗಿದರು. ಅದೇ ಗಾಳಿ ಉಸಿರಾಡುತ್ತ ಅವನ ಮಗ್ಗುಲಲ್ಲಿ ಮಲಗಿದ್ದ ಅವರೆಲ್ಲರ ತಪಾಸಣೆಯೂ ಆಗಿರಲಿಲ್ಲ, ನಾನು ಮುಚ್ಚಿಟ್ಟದ್ದರಿಂದ. ಆ ವಾರವೇ ಎಲ್ಲರನ್ನೂ ಕರೆದುಕೊಂಡು ಹೋದೆ.