ಕಲ್ಲಿನ ಪುಟಗಳಲ್ಲಿ ತೊರಕೆ ಮೀನು

ಮ್ಯೂನಿಕ್ ನಗರದಿಂದ ಉತ್ತರಾಭಿಮುಖವಾಗಿ ರೈಲಿನಲ್ಲಿ ಹೊರಟ ಪ್ರಯಾಣಿಕನು ಇಂಗೋಲ್‌ಸ್ಟಾಟ್ ಪಟ್ಟಣವನ್ನು ದಾಟಿದ ಮೇಲೆ ಆಲ್ಟ್‌ಮ್ಯೂಲ್ ಎಂಬ ಪುಟ್ಟ ನದಿಯ ಕಣಿವೆಯನ್ನು ಹೊಗುತ್ತಾನೆ. ನದಿಯ ಗತಿ ಬಹು ಮಂದ. ಅದರ ಎರಡು ದಡಗಳಲ್ಲಿಯೂ ಬಿಳಿಯ ಸುಣ್ಣಕಲ್ಲಿನ ಗುಡ್ಡಗಳು. ಹಳೆಯ ಮನೆಗಳ ಮಾಡಿಗೆ ಹೆಂಚಿಲ್ಲ; ತೆಳುವಾದ ಕಲ್ಲಿನ ಹಾಳೆಗಳನ್ನೇ ಒಂದರ ಮೇಲೊಂದು ಹೊದಿಸಿದ್ದಾರೆ. ಐಷ್ಟೆಟ್ ಮತ್ತು ಸೋಲ್ನ್‌ಹೋಫನ್ ಇಲ್ಲಿಯ ಎರಡು ಪ್ರಸಿದ್ಧ ಊರುಗಳು. ಸಮುದ್ರತೀರ ಇಲ್ಲಿಂದ ನೂರಾರು ಮೈಲಿ ದೂರ. ಆದರೂ ಕಡಲಿನ ಮೀನೊಂದರ ವಂಶಚರಿತ್ರೆಯನ್ನು ಅರಿಯಬೇಕೆನ್ನುವವರು ಈ ಗುಡ್ಡಗಾಡಿಗೇ ಬರಬೇಕು.

ಈ ಕಲ್ಲಿಗೂ ಚಿತ್ರಪತ್ರಿಕೆಗಳನ್ನೋದುವ ನಮಗೂ ಹಳೆಯದೊಂದು ಋಣಾನುಬಂಧವಿದೆ. ೧೭೯೬ರ ಸುಮಾರಿಗೆ ಆಲೋಯಿಸ್ ಸೆನೆಫೆಲ್ಡರ್ ಎಂಬಾತನು ಕಲ್ಲಚ್ಚಿನ ಮುದ್ರಣವನ್ನು ಕಂಡುಹಿಡಿದುದು ಈ ನುಣುಪಾದ ಕಲ್ಲಿನಿಂದಲೇ. ಅಚ್ಚಿಗೆ ತಕ್ಕ ಕಲ್ಲಿಗಾಗಿ ಗಣಿಗಳನ್ನು ಅಗೆದಂತೆಲ್ಲ, ಮನುಷ್ಯನಿಗಿಂತ ಬಹು ಹಿಂದೆಯೇ ಪ್ರಕೃತಿಯು ಅಚ್ಚೊತ್ತಿದ್ದ ಚಿತ್ರಗಳು ಹೊರಬಿದ್ದವು. ೧೮೬೧ರಲ್ಲಿ ಸಿಕ್ಕಿದ ಆರ್ಕಿಯೋಪ್ಟೆರಿಕ್ಸ್ ಎಂಬ ಪುರಾತನ ಪಕ್ಷಿಯ ಗರಿಯಿಂದ ಈ ಗಣಿಗಳು ಲೋಕವಿಖ್ಯಾತವಾದವು. ಪಕ್ಷಿಗೆ ದೊರೆತ ಕೀರ್ತಿಯ ನೆರಳಿನಲ್ಲಿ ಉಳಿದದ್ದು ತೊರಕೆ ಮೀನು.

ಮಲ್ಪೆ, ಮಂಗಳೂರುಗಳ ಮೀನುಪೇಟೆಯನ್ನು ಬಲ್ಲವರಿಗೆ ತೊರಕೆ ಅಪರಿಚಿತವಲ್ಲ. ಮೊರದಂತೆ ಚಪ್ಪಟೆಯಾದ ಮೈ, ಚಾಟಿಯಂತಹ ಬಾಲ. ಇದು ಶಾರ್ಕಿನ ದಾಯಾದಿ. ಎರಡಕ್ಕೂ ಗಟ್ಟಿ ಎಲುಬಿಲ್ಲ, ಇರುವುದು ಮೃದ್ವಸ್ಥಿ ಮಾತ್ರ. ಶಾರ್ಕಿನ ಕಿವಿರುಗಳು ತಲೆಯ ಪಕ್ಕದಲ್ಲಿದ್ದರೆ ತೊರಕೆಯವು ಹೊಟ್ಟೆಯ ಕಡೆಗಿವೆ. ಎದೆಯ ಈಜುರೆಕ್ಕೆಗಳು ತಲೆಯೊಡನೆ ಬೆಸೆದುಕೊಂಡು ಬಟ್ಟಲಿನಂತೆ ಹರಡಿವೆ. ಮರಳಿನಲ್ಲಿ ಹುದುಗಿದಾಗ ಉಸಿರು ಕಟ್ಟದಂತೆ ಕಣ್ಣಿನ ಹಿಂದಿನ ರಂಧ್ರಗಳಿಂದ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ.

ಮೃದ್ವಸ್ಥಿಯು ಬೇಗನೆ ಕೊಳೆತುಹೋಗುವುದರಿಂದ ಇವುಗಳ ಪೂರ್ವಜರು ಬಹುಮಟ್ಟಿಗೆ ಬಿಡಿ ಹಲ್ಲುಗಳ ರೂಪದಲ್ಲಿಯೇ ಉಳಿದಿದ್ದಾರೆ. ಜುರಾಸಿಕ್ ಯುಗದ ಪೂರ್ವಾರ್ಧದ ಅಂತಹ ಹಲ್ಲುಗಳು ಯೂರೋಪಿನಲ್ಲಿ ಸಿಕ್ಕಿವೆ. ಆದರೆ ಇಡೀ ದೇಹದ ಅತ್ಯಂತ ಹಳೆಯ ಅಚ್ಚುಗಳಿಗೆ ಹೆಸರಾದುದು ಈ ಕಣಿವೆ ಮತ್ತು ಅದೇ ಯುಗದ ಫ್ರಾನ್ಸಿನ ಸೆರಾನ್. ಹದಿನೈದು ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಚ್ಚಗಿನ ಟೆಥಿಸ್ ಸಮುದ್ರದ ಅಂಚಿನ ಹಿನ್ನೀರುಗಳಿದ್ದವು. ತಳದ ನೀರು ಅತಿ ಉಪ್ಪು. ಅಲ್ಲಿ ಪ್ರಾಣವಾಯುವೂ ಇಲ್ಲ. ಸತ್ತು ಮುಳುಗಿದ ಜೀವಿಯನ್ನು ತಿಂದು ಚೆದರಿಸುವವರೂ ಇರಲಿಲ್ಲ. ಸುಣ್ಣದ ನವಿರಾದ ಕೆಸರು ಅದರ ಮೇಲೆ ಪದರ ಪದರವಾಗಿ ಇಳಿಯಿತು. ಆಸ್ಟೆರೋಡರ್ಮಸ್ ಎಂಬ ಮೀನಿನ ಅಗಲವಾದ ರೆಕ್ಕೆ, ನೀಳವಾದ ಹಿಮ್ಮೈಗಳನ್ನು ಕಂಡರೆ, ಇಂದಿನ ಗಿಟಾರ್ ಮೀನನ್ನೇ ಕಲ್ಲಿನಲ್ಲಿ ಕೊರೆದಂತಿದೆ.

ಶಾರ್ಕಿನ ಒಂದು ಪಂಗಡವೇ ಚಪ್ಪಟೆಯಾಗಿ ತೊರಕೆಯಾಯಿತೆಂದು ಕೆಲವು ವಿದ್ವಾಂಸರು ಒಮ್ಮೆ ವಾದಿಸಿದ್ದರು. ವಂಶವಾಹಿಗಳ ಪರೀಕ್ಷೆಯು ಈ ವಾದವನ್ನು ಅಲ್ಲಗಳೆದಿದೆ. ತೊರಕೆಯು ಶಾರ್ಕಿನ ಮಗಳಲ್ಲ, ತಂಗಿ. ಇಬ್ಬರ ಮನೆ ಬೇರೆಯಾದುದು ಜುರಾಸಿಕ್ ಯುಗಕ್ಕೂ ಮುಂಚೆ.

ಆಮೇಲೆ ಈ ಸಂಸಾರವು ಲೋಕದ ಎಲ್ಲ ಕಡಲುಗಳಿಗೂ ಹಬ್ಬಿತು. ಇಂದು ಆರುನೂರಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಸುಮಾರು ಅರ್ಧ ಸ್ಕೇಟ್ ಎಂಬ ಬಳಗ. ತಣ್ಣೀರು, ಆಳದ ನೀರು ಇವಕ್ಕೆ ಪ್ರಿಯ. ಇವು ತೊಗಲಿನ ಚೀಲದಂತಹ ಕೋಶಗಳಲ್ಲಿ ಮೊಟ್ಟೆಯಿಡುತ್ತವೆ. ಮುಳ್ಳುಬಾಲದ ತೊರಕೆಗಳಾದರೋ ಹೆಚ್ಚಾಗಿ ಬೆಚ್ಚಗಿನ ತೀರದ ನಿವಾಸಿಗಳು. ಇವು ಮರಿಗಳನ್ನೇ ಹಡೆಯುತ್ತವೆ. ಉಪ್ಪುನೀರನ್ನು ತೊರೆದವರೂ ಉಂಟು. ಅಮೆರಿಕದ ವಯೋಮಿಂಗ್ ಪ್ರಾಂತದಲ್ಲಿ, ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರ ಮೀಟರ್ ಎತ್ತರದ ಒಣಭೂಮಿಯಲ್ಲಿ, ೫.೨ ಕೋಟಿ ವರ್ಷಗಳ ಹಿಂದಿನ ಸರೋವರದ ಕಲ್ಲಿನಿಂದ ಹೀಲಿಯೋಬ್ಯಾಟಿಸ್ ಎಂಬ ಸಿಹಿನೀರಿನ ತೊರಕೆಯು ಹೊರಬಂದಿದೆ. ೧೮೭೭ರಲ್ಲಿ ಅದಕ್ಕೆ ಹೆಸರಿಟ್ಟವನು ಮಾರ್ಷ್ ಎಂಬ ಪಂಡಿತ. ಅಮೆಜಾನ್ ನದಿಯಲ್ಲಿಯಂತೂ ಇಂದಿಗೂ ಒಂದು ಬಳಗವಿದೆ. ಪೂರ್ವಕಾಲದಲ್ಲಿ ಕಡಲು ಒಳನಾಡಿಗೆ ನುಗ್ಗಿದಾಗ ಬಂದ ಮೀನುಗಳು, ಕಡಲು ಹಿಂದಿರುಗಿದಾಗ ಅಲ್ಲಿಯೇ ಉಳಿದುಬಿಟ್ಟವು. ಅವುಗಳ ಹತ್ತಿರದ ಬಂಧುಗಳು ಈಗಲೂ ಕೆರೀಬಿಯನ್ ಸಮುದ್ರದಲ್ಲಿವೆ.

ಐಷ್ಟೆಟ್ಟಿನ ಸಮೀಪದ ಒಂದು ಗಣಿಯಲ್ಲಿ ಅಲ್ಪ ಶುಲ್ಕಕ್ಕೆ ಸುತ್ತಿಗೆ, ಉಳಿಗಳನ್ನು ಪಡೆದು ಯಾರು ಬೇಕಾದರೂ ಕಲ್ಲೊಡೆಯಬಹುದು. ಮಕ್ಕಳು ಕಲ್ಲಿನ ಹಾಳೆಗಳನ್ನು ಪುಸ್ತಕದ ಪುಟಗಳಂತೆ ಬಿಡಿಸುತ್ತಾರೆ. ಸಾಮಾನ್ಯವಾಗಿ ಕಾಣುವುದು ಬರಿಯ ಕಲ್ಲು. ಅದೃಷ್ಟವಿದ್ದರೆ ಪುಟ್ಟದೊಂದು ಕಡಲಜೀವಿ. ಊರ ಮೇಲಿನ ವಿಲ್ಲಿಬಾಲ್ಡ್ಸ್‌ಬುರ್ಗ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಅಪರೂಪದ ಅಚ್ಚುಗಳನ್ನು ಕಣ್ತುಂಬ ನೋಡಬಹುದು.

ಆದರೆ ನೋಡುವವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದಿರದು. ಡೈನೋಸಾರುಗಳನ್ನು ಅಳಿಸಿದ ಪ್ರಳಯವನ್ನೂ ದಾಟಿ ಬಂದ ಈ ಸಂತತಿಯ ಇಂದಿನ ಗತಿಯೇನು? ೨೦೨೧ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯಂತೆ ಶಾರ್ಕ್, ತೊರಕೆ ಮತ್ತು ಅವುಗಳ ಬಂಧುಗಳಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಜಾತಿಗಳು ಅಳಿವಿನ ಅಂಚಿನಲ್ಲಿವೆ. ಮುಖ್ಯ ಕಾರಣ ಮಿತಿಮೀರಿದ ಮೀನುಗಾರಿಕೆ. ತೊರಕೆಯು ನಿಧಾನವಾಗಿ ಬೆಳೆದು, ಕೆಲವೇ ಮರಿಗಳನ್ನು ಹಡೆಯುವ ಜೀವಿ. ಬಲೆಯ ವೇಗಕ್ಕೆ ಅದರ ಸಂತಾನ ಸರಿಗಟ್ಟಲಾರದು. ಎಲ್ಲರಿಗಿಂತ ಹೆಚ್ಚು ಆಪತ್ತಿನಲ್ಲಿರುವವರಲ್ಲಿ ಗರಗಸ ಮೀನು, ಗಿಟಾರ್ ಮೀನುಗಳು ಸೇರಿವೆ. ಭಾರತ ಸರ್ಕಾರವು ೨೦೦೧ರಲ್ಲಿಯೇ ಗರಗಸ ಮೀನುಗಳಿಗೂ ಕೆಲವು ತೊರಕೆಗಳಿಗೂ ಕಾನೂನಿನ ರಕ್ಷಣೆಯನ್ನಿತ್ತಿತು. ಆದರೆ ಹಿಡಿದ ಮೇಲೆ ತೋರುವ ಕರುಣೆಗಿಂತ ಬಲೆ ಬೀಸುವ ಮೊದಲಿನ ಸಂಯಮವೇ ಮೇಲು.

ಆಲ್ಟ್‌ಮ್ಯೂಲ್ ಕಣಿವೆಯ ಕಲ್ಲು ಹದಿನೈದು ಕೋಟಿ ವರ್ಷ ಒಂದು ಮೀನಿನ ರೂಪವನ್ನು ಕಾಪಾಡಿತು. ಕಡಲು ಅದೇ ರೂಪವನ್ನು ಜೀವಸಹಿತ ನಮ್ಮ ಕಾಲದವರೆಗೆ ತಂದು ಒಪ್ಪಿಸಿದೆ. ನಮ್ಮ ಮಕ್ಕಳ ಪಾಲಿಗೆ ಅದು ಕಲ್ಲಿನಲ್ಲಿ ಮಾತ್ರ ಉಳಿಯಬಾರದು.